ರಟ್ಟು ಮಾತ್ರ ಇದೆ

ಹೊರಡುವ ಮೊದಲು

ವಿದೇಶಕ್ಕೆ ಹೋಗಿ ಬಂದವರನ್ನು ಜನ ಮೊದಲು ಕೇಳುವುದು ವಿಮಾನದ ಬಗ್ಗೆ. ನನ್ನನ್ನೂ ಕೇಳಿದರು. ಶಿರಸಿಯ ಐದು ರಸ್ತೆ ಸರ್ಕಲ್ಲಿನಲ್ಲಿ ನಿಲ್ಲಿಸಿ ಕೇಳಿದವರಿಗೆ ಏನೋ ಒಂದು ಹೇಳಿದ್ದೇನೆ. ನಿಜ ಹೇಳಬೇಕೆಂದರೆ ವಿಮಾನ ನನಗೆ ಸರಿಯಾಗಿ ನೆನಪಿಲ್ಲ. ಕಿಟಕಿಯ ಹೊರಗೆ ಬಿಳಿ ಇತ್ತು, ಬಹಳ ಹೊತ್ತು ಬಿಳಿಯೇ ಇತ್ತು. ಆಮೇಲೆ ಇಳಿದೆವು. ಆ ಒಂದು ವಾರದಲ್ಲಿ ಬೇರೆ ಕೆಲವು ಸಂಗತಿಗಳು ಮಾತ್ರ ಗೆರೆ ಎಳೆದಷ್ಟು ಸ್ಪಷ್ಟವಾಗಿ ಉಳಿದಿವೆ. ಅವನ್ನಷ್ಟೇ ಬರೆಯುತ್ತೇನೆ.

ನಾವು ಹೋದದ್ದು ವೇಲ್ಸ್‌ನ ಕಡಲಂಚಿನ ಒಂದು ಚಿಕ್ಕ ಪಟ್ಟಣಕ್ಕೆ. ಕಾರಣ ಒಂದು ಪುಸ್ತಕ. ಕಂಪ್ಯೂಟರ್ ಇಟ್ಟುಕೊಂಡು ಪಾಠ ಮಾಡುವುದು ಹೇಗೆ ಎಂದು ಶಿಕ್ಷಕರಿಗೆ ತಿಳಿಸುವ ಕೈಪಿಡಿ ಅದು. ಅಲ್ಲಿಯವರು ಬರೆದದ್ದು, ಇಲ್ಲಿ ಕನ್ನಡಕ್ಕೆ ಬಂದು, ಒಂದು ಯೋಜನೆಯ ಅಡಿಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಕೆಲವು ಪ್ರೌಢಶಾಲೆಗಳಿಗೆ ಒಂದೊಂದು ಪ್ರತಿ ಹೋಗಿತ್ತು. ಜೊತೆಗೆ ಒಂದೊಂದು ಕಂಪ್ಯೂಟರ್. ಒಂದು ವರ್ಷದ ನಂತರ ಶಿಕ್ಷಕರು ಕೈಪಿಡಿಯನ್ನು ಹೇಗೆ ಬಳಸುತ್ತಿದ್ದಾರೆ ಎಂದು ನೋಡಿ ವರದಿ ಮಾಡಲು ಇಬ್ಬರನ್ನು ನೇಮಿಸಿದರು. ಒಬ್ಬರು ಯಲ್ಲಾಪುರದ ಗಣಿತ ಶಿಕ್ಷಕ ಮಕಬೂಲ್ ಮಾಸ್ತರು. ಇನ್ನೊಬ್ಬಳು ನಾನು, ಶಿರಸಿಯಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವವಳು. ಅವರವರ ತಾಲೂಕನ್ನು ಅವರೇ ನೋಡಬಾರದೆಂದು ಯಲ್ಲಾಪುರ ಮತ್ತು ಸಿದ್ದಾಪುರ ನನಗೆ ಬಂದವು, ಶಿರಸಿ ಅವರಿಗೆ. ಬೇರೆ ದೇಶಗಳಿಂದಲೂ ಇಂಥ ವರದಿಗಳು ಬರುತ್ತಿದ್ದವು. ಎಲ್ಲವನ್ನೂ ಓದಿ ಚರ್ಚಿಸಲು ಅಲ್ಲಿ ಒಂದು ಸಭೆ, ಅದಕ್ಕೆ ನಮ್ಮಿಬ್ಬರನ್ನೂ ಕರೆದಿದ್ದರು.

ನನ್ನ ವರದಿಯಲ್ಲಿ ಶಾಲೆಗಳಿಗೆ ಅಂಕ ಕೊಟ್ಟ ಒಂದು ಪಟ್ಟಿ ಇತ್ತು. ಮೇಲೆ ಸಿದ್ದಾಪುರದ ಕಡೆಯ ಒಂದು ಶಾಲೆ. ಅಲ್ಲಿ ಕೈಪಿಡಿಗೆ ಕಂದು ಕಾಗದದ ಹೊದಿಕೆ ಹಾಕಿ ಕಪಾಟಿನಲ್ಲಿಟ್ಟಿದ್ದರು. ಮೊದಲ ಪುಟದಲ್ಲಿ ಆಯುಧಪೂಜೆಯ ಕುಂಕುಮ ಇತ್ತು. ನನಗೆ ಸಂತೋಷವಾಗಿತ್ತು. ಕಾಲು ತಾಗಿದ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು ಬೆಳೆದವಳು ನಾನು. ‘ಸ್ಥಿತಿ’ ಎಂಬ ಕಾಲಮಿನಲ್ಲಿ ಪೂರ್ತಿ ಅಂಕ ಕೊಟ್ಟೆ. ಪಕ್ಕದ ‘ಬಳಕೆ’ ಎಂಬ ಕಾಲಮಿನಲ್ಲೂ ಕೊಟ್ಟೆ.

ಪಟ್ಟಿಯ ಕೊನೆಯಲ್ಲಿ ಯಲ್ಲಾಪುರದ ವಜ್ರಳ್ಳಿ ರಸ್ತೆಯ ಒಂದು ಶಾಲೆ. ಅಲ್ಲಿ ವಿಜ್ಞಾನ ಕಲಿಸುವವರು ಭಾಗೀರಥಿ ಅಕ್ಕೋರು. ನಮ್ಮಲ್ಲಿ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು. ನಾನು ಹೋದಾಗ ಹಿಂದಿರುಗುವ ಬಸ್ಸಿಗೆ ಇಪ್ಪತ್ತು ನಿಮಿಷ ಇತ್ತು. ಒಳಗೆ ತರಗತಿ ನಡೆಯುತ್ತಿತ್ತು. ಆಕೆ ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ಜಗುಲಿಗೆ ಬಂದಳು. ಕೈಪಿಡಿ ತೋರಿಸಲು ಹೇಳಿದೆ. ಆಕೆ ತಂದುಕೊಟ್ಟದ್ದು ಬರೀ ರಟ್ಟು. ಒಳಗೆ ಒಂದು ಹಾಳೆಯೂ ಇರಲಿಲ್ಲ.

“ಹಾಳೆ ಎಲ್ಲ ಊರು ತಿರುಗಲೆ ಹೋಯ್ದು ಅಕ್ಕ,” ಎಂದಳು. “ಶುಕ್ರವಾರ ವಾಪಸ್ ಬತ್ತು. ಒಳಗೆ ಬನ್ನಿ, ಕುತ್ಗಳಿ. ಆಸರಿಗೆ ಕುಡಿಯಲೆ ಎಂತ ಬೇಕು?”

“ಎಂತದೂ ಬೇಡ. ಬಸ್ ತಪ್ತು,” ಎಂದೆ.

ಅವಳು ನನ್ನನ್ನು ಹಾಸ್ಯ ಮಾಡುತ್ತಿದ್ದಾಳೆ ಎನಿಸಿತ್ತು. ‘ರಟ್ಟು ಮಾತ್ರ ಇದೆ’ ಎಂದು ಬರೆದೆ. ಎರಡೂ ಕಾಲಮಿಗೆ ಸೊನ್ನೆ ಹಾಕಿದೆ. ಪಟ್ಟಿಯ ಕೊನೆಯಲ್ಲಿ ನಿಂತ ಶಾಲೆಯ ಕಂಪ್ಯೂಟರನ್ನು ಬೇರೆ ಶಾಲೆಗೆ ಕೊಡುವುದು ಯೋಜನೆಯ ನಿಯಮ. ನಾವು ವೇಲ್ಸ್‌ನಲ್ಲಿರುವ ವಾರದ ಶನಿವಾರವೇ ಅದನ್ನು ಸಾಗಿಸುವುದೆಂದು ತೀರ್ಮಾನವಾಗಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿದ್ದೆ ಬಂದಿತ್ತು.

ನಿಲ್ಲದ ಬಸ್ಸು

ಜೂನ್ ತಿಂಗಳಲ್ಲಿ ಅಲ್ಲಿ ಬೆಳಕು ಹೋಗುವುದೇ ಇಲ್ಲ. ರಾತ್ರಿ ಊಟ ಮುಗಿಸಿದ ಮೇಲೂ ಕಿಟಕಿಯಲ್ಲಿ ನಮ್ಮ ಸಂಜೆ ಐದರ ಬಣ್ಣ ನಿಂತಿರುತ್ತದೆ. ಮಲಗಿ ಎದ್ದರೆ ಅದೇ ಬಣ್ಣ. ಎರಡು ದಿನ ನಾನು ನಿದ್ದೆಗೂ ಎಚ್ಚರಕ್ಕೂ ನಡುವಿನ ಒಂದು ಓಣಿಯಲ್ಲಿ ನಡೆದಾಡುತ್ತಿದ್ದೆ. ಕಡಲಹಕ್ಕಿಗಳು ಮನೆಗಳ ಚಿಮಣಿಯ ಮೇಲೆ ಕೂತು ಕರುವಿನ ಹಾಗೆ ಕೂಗುತ್ತಿದ್ದವು. ಕಣ್ಣು ಮುಚ್ಚಿ ಕೇಳಿದರೆ ಯಾವುದೋ ಕೊಟ್ಟಿಗೆಯ ಪಕ್ಕ ಮಲಗಿದ ಹಾಗೆ.

ನಮ್ಮನ್ನು ತನ್ನ ಮನೆಯಲ್ಲಿ ಇಳಿಸಿಕೊಂಡದ್ದು ಕಾರಿಸ್ ಎಂಬಾಕೆ, ಅರವತ್ತು ದಾಟಿದವಳು. ಮೂಲ ಕೈಪಿಡಿ ಬರೆದವಳು ಅವಳೇ. ಒಬ್ಬಳೇ ಇದ್ದಳು. ಅವಳ ಸ್ನಾನದ ಮನೆಯಲ್ಲಿ ಬಿಸಿನೀರಿಗೊಂದು ನಲ್ಲಿ, ತಣ್ಣೀರಿಗೊಂದು ನಲ್ಲಿ, ನಡುವೆ ಒಂದು ಮೊಳ ಅಂತರ. ಒಂದರಲ್ಲಿ ಕೈ ಸುಡುತ್ತದೆ, ಇನ್ನೊಂದರಲ್ಲಿ ಮರಗಟ್ಟುತ್ತದೆ. ಮಕಬೂಲ್ ಮಾಸ್ತರು ಮೊದಲ ದಿನವೇ ಅಡುಗೆಮನೆಯಿಂದ ಒಂದು ತಂಬಿಗೆಯಂಥ ಪಾತ್ರೆ ಕೇಳಿ ತಂದು ಸಮಸ್ಯೆ ಬಗೆಹರಿಸಿದರು. “ಇಷ್ಟೆಲ್ಲಾ ರಾಜ್ಯ ಆಳಿದವರಿಗೆ ಒಂದು ಬಕೆಟ್ ಇಡೋದು ತಿಳೀಲಿಲ್ಲ ನೋಡ್ರಿ,” ಎಂದರು.

ಎರಡನೆಯ ದಿನ ಬೆಳಿಗ್ಗೆ ಒಂದು ಶಾಲೆ ನೋಡಲು ಹೋಗಬೇಕಿತ್ತು. ಕಾರಿಸ್ ಮುಂಚೆಯೇ ಹೋಗಿದ್ದಳು. ನಾವು ಬಸ್ಸಿನಲ್ಲಿ ಬರುವುದೆಂದು ಮಾತು. ನಿಲ್ದಾಣ ಎಂದು ಬರೆದ ಕಂಬದ ಕೆಳಗೆ ನಿಂತೆವು. ರಸ್ತೆಯ ಆಚೆ ಹುಲ್ಲುಗಾವಲು, ಅದರ ಮೇಲೆ ಮಂಜು, ಮಂಜಿನ ಒಳಗೆ ಕುರಿಗಳು. ಬಸ್ಸು ಬಂತು. ನಾವು ಸಭ್ಯರಾಗಿ ನಿಂತೇ ಇದ್ದೆವು. ಬಸ್ಸು ನಿಲ್ಲದೆ ಹೋಯಿತು. ಅರ್ಧ ಗಂಟೆಯ ಮೇಲೆ ಇನ್ನೊಂದು ಬಂತು. ಅದೂ ಹೋಯಿತು. ಚಾಲಕ ನಮ್ಮ ಕಡೆ ತಲೆಬಾಗಿ ನಕ್ಕ.

“ನಮಸ್ಕಾರ ಮಾಡಿ ಬಿಟ್ಟು ಹೋಗ್ತಾನಲ್ರಿ ಅಕ್ಕೋರೆ,” ಎಂದರು ಮಾಸ್ತರು.

ಆಮೇಲೆ ಒಬ್ಬಳು ಅಜ್ಜಿ ನಾಯಿಯೊಂದಿಗೆ ಬಂದು ನಿಂತಳು. ನಾಯಿಗೆ ಹವೆಯ ವಿಷಯ ಹೇಳಿದಳು, ನಮಗೂ ಹೇಳಿದಳು. ಮುಂದಿನ ಬಸ್ಸು ತಿರುವಿನಲ್ಲಿ ಕಂಡಾಗ ಕೈ ಮುಂದೆ ಚಾಚಿದಳು. ಬಸ್ಸು ನಿಂತಿತು. ಅಲ್ಲಿ ಹಾಗಂತೆ. ಕೇಳದಿದ್ದರೆ ಬಸ್ಸು ನಿಲ್ಲುವುದಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಮಾಸ್ತರಿಗೆ ತಮ್ಮ ಊರಿನ ಹೆಮ್ಮೆ ಬಂತು. ಅವರ ಮನೆಯಲ್ಲಿ ಎರಡು ತಲೆಮಾರಿನಿಂದ ಗಾಡಿಯ ವ್ಯವಹಾರ. ಅವರ ತಮ್ಮನೊಬ್ಬ ಯಲ್ಲಾಪುರದಿಂದ ವಜ್ರಳ್ಳಿ ರಸ್ತೆಗೆ ಟೆಂಪೊ ಓಡಿಸುತ್ತಾನೆ.

“ನಮ್ಮ ತಮ್ಮನ ಗಾಡಿಗೆ ಕೈ ಮಾಡೋದೇ ಬೇಡ್ರಿ. ಬೇಲಿ ಮ್ಯಾಲೆ ಚೀಲ ಕಂಡ್ರೆ ಸಾಕು, ನಿಲ್ಲಿಸ್ತಾನೆ. ಯಾರ ಚೀಲ, ಎಲ್ಲಿಗೆ ಮುಟ್ಟಿಸಬೇಕು, ಎಲ್ಲಾ ತಲೆಯೊಳಗೆ. ಔಷಧಿ ಒಯ್ತಾನೆ, ಹೊಲಿದ ಅಂಗಿ ಒಯ್ತಾನೆ. ಆ ಕಡೆ ಒಬ್ರು ಅಕ್ಕೋರು ಇದ್ದಾರಂತೆ, ವಾರಕ್ಕೆರಡು ಸಲ ಲಕೋಟೆ ಕೊಡ್ತಾರಂತೆ. ಒಂದು ಶಾಲೆ ಮುಂದೆ ಇಳಿಸೋದು, ಅಲ್ಲಿಂದ ಇನ್ನೊಂದು ಎತ್ತೋದು. ಉಮ್ಮಚಗಿ ಕಡೆಯದು ಇದ್ರೆ ಯಲ್ಲಾಪುರ ಸ್ಟ್ಯಾಂಡಿನಾಗೆ ಬೇರೆ ಗಾಡಿಗೆ ದಾಟಿಸ್ತಾನೆ. ಪೋಸ್ಟಿನವರು ನನಗೆ ಖಾಕಿ ಅಂಗಿ ಹೊಲಿಸಿಕೊಡಬೇಕು ಅಂತ ನಗ್ತಿರ್ತಾನೆ.”

“ಲಕೋಟೆಯಲ್ಲಿ ಏನಿರ್ತದೆ?” ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿತು.

“ಏನೋ ಹಾಳೆ ರಿ. ಒಮ್ಮೆ ಲಕೋಟೆ ಹರಿದು ಸೀಟಿನ ಮ್ಯಾಲೆ ಬಿತ್ತಂತೆ. ಅಚ್ಚಾದ ಹಾಳೆ, ಅಂಚು ನೀಲಿ. ಸುತ್ತ ಪೆನ್ಸಿಲಿನಾಗೆ ಬರೆದು ತುಂಬಿತ್ತಂತೆ, ಒಬ್ಬೊಬ್ರದು ಒಂದೊಂದು ಅಕ್ಷರ. ಯಾರದೋ ಜಾತಕ ಇರಬೇಕು ಅಂದ್ಕೊಂಡಿದ್ದ.”

ನಮ್ಮ ಕೈಪಿಡಿಯ ಪ್ರತಿ ಪುಟಕ್ಕೂ ನೀಲಿ ಅಂಚು ಇದೆ.

ಬಸ್ಸು ಕಲ್ಲಿನ ಗೋಡೆಗಳ ನಡುವೆ ನಿಧಾನ ಇಳಿಯುತ್ತಿತ್ತು. ಮಂಜು ಎರಡೂ ಕಡೆ ಸರಿದು ಮತ್ತೆ ಕೂಡಿಕೊಳ್ಳುತ್ತಿತ್ತು. ನಾನು ಮಾಸ್ತರಿಗೆ ಆಗಲೇ ಹೇಳಲಿಲ್ಲ. ಹಾಳೆಗಳು ಊರು ತಿರುಗಲು ಹೋಗಿವೆ ಎಂದು ಭಾಗೀರಥಿ ಹೇಳಿದ್ದು ಹಾಸ್ಯಕ್ಕಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ್ದಳು.

ಸಮುದ್ರ ಇಲ್ಲದ ಮಧ್ಯಾಹ್ನ

ಆ ಶಾಲೆಯಲ್ಲಿ ಮಕ್ಕಳು ಶಿಕ್ಷಕರನ್ನು ಹೆಸರು ಹಿಡಿದು ಕರೆಯುವುದಿಲ್ಲ ಎಂಬುದು ನನಗೆ ಸಮಾಧಾನ ಕೊಟ್ಟಿತು. ಎದ್ದು ನಿಲ್ಲುವುದೂ ಇಲ್ಲ ಎಂಬುದು ಸ್ವಲ್ಪ ಕಸಿವಿಸಿ ಮಾಡಿತು. ಒಂದು ಕೋಣೆಯ ತುಂಬ ಕಂಪ್ಯೂಟರುಗಳಿದ್ದವು. ಒಬ್ಬ ತರುಣ ಶಿಕ್ಷಕ ನಮ್ಮನ್ನು ಸುತ್ತಾಡಿಸಿದ. ಬಹಳ ಒಳ್ಳೆಯವನು. ಮಾಸ್ತರು ಅವನ ಕಾಲು ತುಳಿದಾಗ ಅವನೇ ಕ್ಷಮಿಸಿ ಎಂದ.

ಕೈಪಿಡಿ ಎಲ್ಲಿದೆ ಎಂದು ಕೇಳಿದೆ. ಅವನು ಕಪಾಟಿನ ಮೇಲಿನ ಸಾಲಿನಿಂದ ತೆಗೆದುಕೊಟ್ಟ. ಹೊಸದಾಗಿ, ಸ್ವಚ್ಛವಾಗಿ ಇತ್ತು. ನಾನು ತೆರೆದೆ. ಬೆನ್ನಿನ ಅಂಟು ಬಿಡುವಾಗ ಚಟ್ ಎಂದು ಒಂದು ಸದ್ದಾಯಿತು. ಒಮ್ಮೆಯೂ ತೆರೆಯದ ಪುಸ್ತಕ ಮಾತ್ರ ಮಾಡುವ ಸದ್ದು. ಕೋಣೆಯಲ್ಲಿದ್ದ ನಾಲ್ವರಿಗೂ ಅದು ಕೇಳಿಸಿತು. ತರುಣನ ಕಿವಿ ಕೆಂಪಾಯಿತು. ಕಾರಿಸ್ ಕಿಟಕಿಯ ಕಡೆ ತಿರುಗಿ, ಮೋಡ ಹರಿಯುತ್ತಿದೆ ಎಂದಳು.

ಸಿದ್ದಾಪುರದಲ್ಲಿ ಆ ಕಂದು ಹೊದಿಕೆಯ ಪುಸ್ತಕ ತೆರೆದಾಗಲೂ ನನಗೆ ಇದೇ ಸದ್ದು ಕೇಳಿತ್ತು. ಕೇಳಿ, ಪೂರ್ತಿ ಅಂಕ ಕೊಟ್ಟಿದ್ದೆ.

ಹಿಂದಿರುಗುವಾಗ ಮೂವರೂ ದಂಡೆಯ ಮೇಲೆ ನಡೆದೆವು. ಬೆಳಿಗ್ಗೆ ದೋಣಿಗಳು ತೇಲುತ್ತಿದ್ದ ಜಾಗದಲ್ಲಿ ಈಗ ನೀರೇ ಇರಲಿಲ್ಲ. ಕಣ್ಣು ಹಾಯುವವರೆಗೂ ಬೂದು ಕೆಸರು, ಅದರ ಮೇಲೆ ಒಂದು ಪಕ್ಕಕ್ಕೆ ಒರಗಿ ಮಲಗಿದ ದೋಣಿಗಳು.

“ಅಕ್ಕೋರೆ, ಸಮುದ್ರ ಎಲ್ಲಿ ಹೋತ್ರಿ?” ಎಂದರು ಮಾಸ್ತರು. ಕುಮಟೆಯ ಕಡಲು ನೋಡಿದವರು ನಾವು. ಅಲ್ಲಿ ನೀರು ಹಿಂದೆ ಸರಿದರೂ ಕಾಣುವಷ್ಟು ದೂರದಲ್ಲಿ ಇರುತ್ತದೆ. ಇಲ್ಲಿ ಯಾರೋ ಬಂದು ಮಡಚಿ ತೆಗೆದುಕೊಂಡು ಹೋದ ಹಾಗಿತ್ತು. ಕಾರಿಸ್ ಅದನ್ನು ಗಮನಿಸಲೂ ಇಲ್ಲ. ಆರು ಗಂಟೆಗೆ ಬರುತ್ತದೆ ಎಂದಳು, ಮನೆಯವರ ವಿಷಯ ಹೇಳುವಂತೆ.

ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು. “ನಿಮ್ಮ ಕಡೆ ಯಾರಾದರೂ ನನ್ನ ಪುಸ್ತಕದ ಜೊತೆ ಜಗಳ ಆಡಿದ್ದಾರೆಯೆ? ನಾಲ್ಕು ವರ್ಷ ಕೂತು ಬರೆದೆ. ಎಲ್ಲರೂ ಚೆನ್ನಾಗಿ ಇಟ್ಟುಕೊಂಡಿದ್ದಾರೆ.”

ನಾನು ನಿಂತೆ. ಅವಳಿಗೂ ಮಾಸ್ತರಿಗೂ ಒಟ್ಟಿಗೇ ಹೇಳಿದೆ. ಒಬ್ಬ ಶಿಕ್ಷಕಿ ಪುಸ್ತಕ ಬಿಚ್ಚಿ ಹಾಳೆಗಳನ್ನು ಬೇರೆ ಮಾಡಿದ್ದಾಳೆ. ಅವು ಟೆಂಪೊದಲ್ಲಿ ಶಾಲೆಯಿಂದ ಶಾಲೆಗೆ ಹೋಗುತ್ತವೆ. ಒಬ್ಬೊಬ್ಬರೂ ತಮ್ಮ ತರಗತಿಯಲ್ಲಿ ಮಾಡಿ ನೋಡಿ ಅಂಚಿನಲ್ಲಿ ಬರೆಯುತ್ತಾರೆ ಎಂದು ಕಾಣುತ್ತದೆ. ನಾನು ಅವಳ ಶಾಲೆಗೆ ಸೊನ್ನೆ ಕೊಟ್ಟಿದ್ದೇನೆ.

ಕಾರಿಸ್ ಹಿಗ್ಗಲಿಲ್ಲ. ಕಣ್ಣು ಕಿರಿದು ಮಾಡಿ ಒಂದೇ ಪ್ರಶ್ನೆ ಕೇಳಿದಳು. “ಅಂಚಿನಲ್ಲಿ ಏನು ಬರೆದಿದ್ದಾರೆ?”

“ನಾನು ನೋಡಿಲ್ಲ,” ಎಂದೆ.

“ತರಗತಿ?”

“ಅದನ್ನೂ ನೋಡಿಲ್ಲ. ಬಸ್ಸಿಗೆ ಹೊತ್ತಾಗಿತ್ತು.”

ಅವಳು ಕೆಸರಿನ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು. ಮಾಸ್ತರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಕೆಸರಿನಲ್ಲಿ ಒಬ್ಬ ಮನುಷ್ಯ ಬಕೆಟ್ ಹಿಡಿದು ಬಹಳ ದೂರ ನಡೆದು ಹೋಗುತ್ತಿದ್ದ, ಚುಕ್ಕೆಯಾಗುವವರೆಗೆ ನಾವು ಅವನನ್ನೇ ನೋಡುತ್ತ ನಿಂತೆವು.

ಬುಧವಾರ

ಸಭೆ ಹಳೆಯ ಪ್ರಾರ್ಥನಾಮಂದಿರವೊಂದರಲ್ಲಿ. ಎತ್ತರದ ಕಿಟಕಿಗಳು, ಬಣ್ಣದ ಗಾಜು. ಮೇಜಿನ ಮೇಲಿಟ್ಟ ಬಿಳಿ ಕಾಗದಗಳ ಮೇಲೆ ಕೆಂಪು ನೀಲಿ ಬೆಳಕು ಬಿದ್ದು ನಿಧಾನ ಸರಿಯುತ್ತಿತ್ತು. ನಮ್ಮದು ಎರಡನೆಯ ವರದಿ.

ಒಳಗೆ ಹೋಗುವ ಮೊದಲು ಮಾಸ್ತರು ನನ್ನನ್ನು ಬಾಗಿಲ ಬಳಿ ನಿಲ್ಲಿಸಿದರು. “ಒಂದು ಮಾತು ಹೇಳ್ಲೇನ್ರಿ? ಇಲ್ಲಿ ಸುಮ್ನೆ ಓದಿಬಿಡ್ರಿ. ಊರಿಗೆ ಹೋಗಿ ಸರಿ ಮಾಡಿದ್ರಾತು. ಇವರ ಮುಂದೆ ನಮ್ಮ ಮರ್ಯಾದೆ ಯಾಕೆ ಕಳೀಬೇಕ್ರಿ?”

“ನಾವು ಊರು ಮುಟ್ಟೋದು ಸೋಮವಾರ. ಶನಿವಾರ ಕಂಪ್ಯೂಟರ್ ಹೋಗ್ತದೆ ಮಾಸ್ತರೆ. ಒಮ್ಮೆ ಹೋದದ್ದು ವಾಪಸ್ ಬಂದದ್ದು ನೀವು ಎಲ್ಲಾದ್ರೂ ಕಂಡಿದ್ದೀರಾ?”

ಅವರು ಸ್ವಲ್ಪ ಯೋಚಿಸಿದರು. “ಇಲ್ರಿ,” ಎಂದರು.

ನನ್ನ ಪಟ್ಟಿ ಪರದೆಯ ಮೇಲೆ ಬಂತು. ಅಷ್ಟು ದೊಡ್ಡದಾಗಿ ಅದನ್ನು ನಾನು ನೋಡಿರಲಿಲ್ಲ. ನನ್ನ ಇಂಗ್ಲಿಷು ನಿಧಾನ. ಅಂದು ಇನ್ನೂ ನಿಧಾನವಾಯಿತು. ಕೊನೆಯ ಸಾಲು ತಪ್ಪು ಎಂದೆ. ಆ ತರಗತಿಯಲ್ಲಿ ನಾನು ಕೂತಿಲ್ಲ, ಆ ಹಾಳೆಗಳನ್ನು ಓದಿಲ್ಲ, ಆ ಶಿಕ್ಷಕಿ ಹೇಳಿದ್ದನ್ನು ನಂಬಲಿಲ್ಲ ಎಂದೆ. ಮೊದಲ ಸಾಲೂ ತಪ್ಪಿರಬಹುದು, ಅಲ್ಲಿ ನಾನು ಪುಸ್ತಕದ ಹೊದಿಕೆಗೆ ಅಂಕ ಕೊಟ್ಟಿದ್ದೇನೆ ಎಂದೆ.

ಅಧ್ಯಕ್ಷತೆ ವಹಿಸಿದ್ದವರು ಕನ್ನಡಕ ತೆಗೆದರು. ಹಾಗಾದರೆ ಈ ವರದಿಯಲ್ಲಿ ನಾವು ನಂಬಬಹುದಾದ ಭಾಗ ಯಾವುದು ಎಂದು ಮೃದುವಾಗಿ ಕೇಳಿದರು.

“ಶಿರಸಿ ತಾಲೂಕಿನದು. ಅದು ಇವರು ನೋಡಿದ್ದು,” ಎಂದು ಮಾಸ್ತರನ್ನು ತೋರಿಸಿದೆ.

ಮಾಸ್ತರು ಎದ್ದು ನಿಂತರು. ಅಂಗಿಯ ತುದಿ ಎಳೆದು ಸರಿಮಾಡಿಕೊಂಡರು. ನನ್ನದೂ ಬಿಡಿ, ನಾನೂ ಕಪಾಟನ್ನೇ ನೋಡಿದ್ದು ಎಂದರು. ಕೂತರು. ಕೂತ ಮೇಲೆ ಕನ್ನಡದಲ್ಲಿ, ನನಗೆ ಮಾತ್ರ ಕೇಳುವಂತೆ, “ಸಾಕಾತೇನ್ರಿ?” ಎಂದರು.

ಯಾರೂ ನಗಲಿಲ್ಲ. ಬೇರೆ ದೇಶದಿಂದ ಬಂದ ಒಬ್ಬಾತ ತನ್ನ ವರದಿಯನ್ನು ತನ್ನ ಕಡೆಗೆ ಎಳೆದುಕೊಂಡು ಹಾಳೆ ತಿರುಗಿಸತೊಡಗಿದ. ಅವನೂ ತಾನು ನೋಡದೆ ಬರೆದ ಸಾಲನ್ನು ಹುಡುಕುತ್ತಿದ್ದಾನೆ ಎಂದು ನನಗೆ ಅನಿಸಿತು. ಖಾತ್ರಿಯಾಗಿ ಹೇಳಲಾರೆ.

ಚಹಾದ ಹೊತ್ತಿಗೆ ಕಾರಿಸ್ ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಫೋನು ಮುಂದಿಟ್ಟು ಬಾಗಿಲು ಎಳೆದುಕೊಂಡು ಹೋದಳು. ಶಿರಸಿಯಲ್ಲಿ ಆಗ ಮಧ್ಯಾಹ್ನ ಮೂರೂವರೆ. ಯೋಜನೆಯ ಕಚೇರಿಯ ಗುಮಾಸ್ತರು ಎತ್ತಿದರು.

“ಎಂತ ಮೇಡಂ, ಅಲ್ಲಿಂದ ಫೋನಾ? ಚಳಿ ಉಂಟಾ?”

“ವಜ್ರಳ್ಳಿ ರಸ್ತೆಯ ಶಾಲೆಯ ಕಂಪ್ಯೂಟರ್ ಆದೇಶ ಎಲ್ಲಿದೆ?”

“ಸಾಹೇಬ್ರು ಸಹಿ ಹಾಕಿ ಆಯ್ತಲ್ಲ. ಶನಿವಾರ ಗಾಡಿ ಹೇಳಿದ್ದೇವೆ.”

“ನಿಲ್ಲಿಸಬೇಕು. ಪತ್ರ ಈಗ ಫ್ಯಾಕ್ಸ್ ಮಾಡ್ತೇನೆ. ನೀವು ಅಷ್ಟರೊಳಗೆ ಟಿಪ್ಪಣಿ ಬರೆದು ಸಾಹೇಬ್ರ ಮುಂದೆ ಇಡಿ.”

“ಕಾರಣ ಎಂತ ಬರೀಲಿ?”

“ಪರಿಶೀಲನೆಗೆ ಹೋದವರು ನೋಡದೆ ಬರೆದಿದ್ದಾರೆ ಅಂತ.”

ಅವರು ದನಿ ತಗ್ಗಿಸಿದರು. “ಹಾಗೆ ಬರೆದ್ರೆ ನಿಮಗೇ ತೊಂದರೆ ಮೇಡಂ. ‘ಮರುಪರಿಶೀಲನೆ ಅಗತ್ಯವೆಂದು ಕಂಡುಬಂದಿದೆ’ ಅಂತ ಬರೀತೆ. ಚಂದ ಆಗ್ತದೆ.”

“ಚಂದ ಬೇಡ. ಹಾಗೆ ಬರೆದರೆ ಅವಳದ್ದೇ ಏನೋ ತಪ್ಪು ಅಂತ ಉಳೀತದೆ. ನಾನು ಹೇಳಿದ ಹಾಗೇ ಬರೀರಿ.”

“ಹೆಸರು ಹಾಕಲಾ?”

“ಹಾಕಿ.”

ಪೆನ್ನು ಓಡುವ ಸದ್ದು ಕೇಳಿತೋ ಅಥವಾ ಕೇಳಿತೆಂದು ನಾನು ಕಲ್ಪಿಸಿಕೊಂಡೆನೋ, ಈಗ ಹೇಳುವುದು ಕಷ್ಟ. ಹೊರಗೆ ಬಂದಾಗ ಕಿಟಕಿಯ ಬಣ್ಣ ಮೇಜಿನಿಂದ ಇಳಿದು ನೆಲಕ್ಕೆ ಬಂದಿತ್ತು.

ವಜ್ರಳ್ಳಿ ರಸ್ತೆ

ಶನಿವಾರ ಗಾಡಿ ಹೋಗಲಿಲ್ಲ. ಮೂರೂ ತಾಲೂಕುಗಳನ್ನು ಮತ್ತೆ ನೋಡಲು ಬೇರೆ ಇಬ್ಬರನ್ನು ನೇಮಿಸಿದರು. ಅವರು ಪ್ರತಿ ಶಾಲೆಯಲ್ಲಿ ಒಂದು ಇಡೀ ದಿನ ಕೂರಬೇಕು ಎಂದು ಆದೇಶದಲ್ಲಿ ಸೇರಿಸಿದರು. ಅಲ್ಲಿಯವರೆಗೆ ಯಾವ ಶಾಲೆಯ ಕಂಪ್ಯೂಟರೂ ಅಲುಗಬಾರದು. ಮಕಬೂಲ್ ಮಾಸ್ತರನ್ನೂ ನನ್ನನ್ನೂ ಆ ಕೆಲಸದಿಂದ ತೆಗೆದರು. ಅದು ಸರಿಯಾಗಿಯೇ ಇತ್ತು. “ತೆಗೆದದ್ದಕ್ಕೆ ಬೇಸರ ಅಲ್ರಿ, ಇನ್ನೊಂದು ಸಲ ಕಳಿಸ್ತಾರೆ ಅಂತ ನಾನು ಬೆಚ್ಚನೆಯ ಕೋಟು ಹೊಲಿಸಿದ್ದೆ,” ಎಂದರು ಮಾಸ್ತರು.

ಬಂದ ವಾರವೇ ನಾನು ಬೆಳಗಿನ ಟೆಂಪೊ ಹಿಡಿದು ಹೋದೆ. ಕೈಯಲ್ಲಿ ಫಾರ್ಮು ಇರಲಿಲ್ಲ. ಮಳೆ ಬಿಟ್ಟಿತ್ತು, ಹತ್ತು ಗಂಟೆಯ ಬಿಸಿಲು ಇನ್ನೂ ಎಳೆಯದಾಗಿತ್ತು. ನಾನು ಇನ್ನೂ ಆ ಮುಗಿಯದ ಬೆಳಕಿನ ಊರಿನಿಂದ ಪೂರ್ತಿ ಹಿಂದಿರುಗಿರಲಿಲ್ಲ. ಶಾಲೆಯ ಜಗುಲಿ, ಕಂಬ, ನೀರಿನ ಹಂಡೆ ಎಲ್ಲವೂ ಗಾಜಿನ ಆಚೆ ಇದ್ದಂತೆ ಕಾಣುತ್ತಿದ್ದವು.

ಭಾಗೀರಥಿ ಬಾಗಿಲಿಗೆ ಬಂದಳು. ಕುಡಿಯಲು ಏನು ಬೇಕೆಂದು ಕೇಳಲಿಲ್ಲ.

“ಆಫೀಸಿಂದ ಎರಡು ಕಾಗದ ಬೈಂದು,” ಎಂದಳು. “ಒಂದು ಕಂಪ್ಯೂಟರ್ ತಕಂಡು ಹೋಗ್ತೆಯ ಹೇಳಿ. ಇನ್ನೊಂದು ಹೋಗ್ತಿಲ್ಲೆ ಹೇಳಿ. ಎರಡರಲ್ಲೂ ನಿಮ್ಮ ಹೆಸರೇ ಇದ್ದು.”

“ಹೌದು,” ಎಂದೆ. “ಎರಡೂ ನನ್ನಿಂದಲೇ ಆದದ್ದು.”

“ನೀವು ಆ ದಿನ ಒಳಗೆ ಬಂದಿದ್ರೆ ಒಂದೂ ಬೇಕಾಗಿತ್ತಿಲ್ಲೆ.”

ಅವಳು ಉತ್ತರಕ್ಕೆ ಕಾಯಲಿಲ್ಲ. ಗಂಟೆ ಹೊಡೆದಿತ್ತು. ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ. ಅದನ್ನು ಅನುಮತಿ ಎಂದು ತಿಳಿದು ನಾನೂ ಒಳಗೆ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತೆ.

ಎಂಟನೆಯ ತರಗತಿ. ಒಂದು ಕಂಪ್ಯೂಟರಿನ ಮುಂದೆ ಒಂದು ಗುಂಪು. ಉಳಿದ ಗುಂಪುಗಳು ನೆಲದ ಮೇಲೆ ದುಂಡಗೆ ಕೂತಿದ್ದವು. ಪ್ರತಿ ಗುಂಪಿನ ನಡುವೆ ನೀಲಿ ಅಂಚಿನ ಒಂದು ಹಾಳೆ, ಹಾರದಂತೆ ಅದರ ಮೇಲೊಂದು ಕಲ್ಲು. ಹಾಳೆಯಲ್ಲಿ ಹೇಳಿದ ಕೆಲಸವನ್ನು ಮಕ್ಕಳೇ ಓದಿ ಮಾಡುತ್ತಿದ್ದರು. ಪೆನ್ಸಿಲ್ ಬರಹ ಅಂಚು ತುಂಬಿ ಅಚ್ಚಿನ ಸಾಲುಗಳ ನಡುವೆಯೂ ನುಗ್ಗಿತ್ತು. ನಾನು ನಿಂತಲ್ಲಿಂದ ಒಂದು ಸಾಲು ಮಾತ್ರ ಓದಲು ಸಿಕ್ಕಿತು: ‘ಕರೆಂಟು ಹೋದರೆ ಇಲ್ಲಿಂದ ಮುಂದಿನದನ್ನು ಬಾಯಲ್ಲೇ ಮಾಡಬಹುದು. ಎರಡು ಸಲ ನೋಡಿದ್ದೇನೆ.’ ಕಾರಿಸ್ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿ ನೆಲದ ಮೇಲೆ ಹರಡಿತ್ತು.

ಹತ್ತಿರದ ಗುಂಪಿನ ಒಬ್ಬಳು ಹುಡುಗಿ ಕತ್ತೆತ್ತಿ ನನ್ನನ್ನು ನೋಡಿದಳು. ಎರಡು ಜಡೆ, ಒಂದರ ರಿಬ್ಬನ್ ಬಿಚ್ಚಿತ್ತು.

“ನೀವು ಯಾವ ಗುಂಪು ಅಕ್ಕೋರೆ?”

ನಾನು ಭಾಗೀರಥಿಯ ಕಡೆ ನೋಡಿದೆ. ಅವಳು ಹಲಗೆಯ ಮೇಲೆ ಬರೆಯುತ್ತಿದ್ದಳು, ತಿರುಗಲಿಲ್ಲ.

“ಯಾವುದೂ ಅಲ್ಲ,” ಎಂದೆ.

“ಹಂಗೆ ನಿಂತ್ಕಳೂಕಿಲ್ಲ ಇಲ್ಲಿ,” ಎಂದಳು ಹುಡುಗಿ, ಪಕ್ಕದವಳನ್ನು ಮೊಣಕೈಯಿಂದ ಸರಿಸುತ್ತ. “ನಮ್ಮಲ್ಲಿ ಒಬ್ರು ಕಮ್ಮಿ. ಬನ್ನಿ, ಕೂತ್ಕಳಿ.”